ಗಾಲಿಗೆ ಕಲ್ಲು ಕೊಟ್ಟ ಹೊತ್ತಿನ ಸಂಬಳ

ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಗಿನ ಜಾವ ಎರಡೂಕಾಲಿಗೆ ತಂಗಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಗೆ ಹೊರಟೆ. ತಂಗಿ ಅಂದರೆ ಚಿಕ್ಕಪ್ಪನ ಮಗಳು. ವಿಮಾನದಲ್ಲಿ ಕ್ಯಾಬಿನ್ ಕ್ರೂ ಆಗಿ ಸೇರಿ ನಾಲ್ಕು ವರ್ಷವಾಯಿತು. ಕಂಪನಿ ಕ್ಯಾಬ್ ದೇವನಹಳ್ಳಿಯಿಂದ ಈಚೆಗೆ ಬರುವುದಿಲ್ಲ. ಬೆಳಗಿನ ಡ್ಯೂಟಿ ಬಿದ್ದಾಗಲೆಲ್ಲ ಅಲ್ಲಿವರೆಗೆ ಬಿಟ್ಟು ಬರುವುದು ನನ್ನ ಪಾಲಿಗೆ. ಅವತ್ತು ಹೈವೇ ತುಂಬಾ ಮಂಜು. ಮುಂದೆ ಹೂವಿನ ಮೂಟೆ ತುಂಬಿಕೊಂಡು ಒಂದು ಟೆಂಪೋ ಹೋಗುತ್ತಿತ್ತು, ಅದರ ಹಿಂದಿನ ಕೆಂಪು ಲೈಟು ನೋಡಿಕೊಂಡೇ ಅಷ್ಟು ದೂರ ಹೋದೆವು.

ದೇವನಹಳ್ಳಿಯ ಹತ್ತಿರ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಅಲ್ಲಿ ಅವಳ ಕೆಲಸ ಶುರು. ಹೆಲ್ಮೆಟ್ ಹಾಕಬೇಕಲ್ವಾ, ಹಾಗಾಗಿ ತುರುಬು ಮನೆಯಲ್ಲೇ ಕಟ್ಟಿಕೊಂಡು ಬರುವುದಕ್ಕಾಗುವುದಿಲ್ಲ. ಬೈಕಿನ ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಹೇರ್‌ಪಿನ್‌ಗಳನ್ನು ಬಾಯಲ್ಲಿ ಕಚ್ಚಿಕೊಂಡು, ಕೂದಲು ಸುತ್ತಿ ಬಲೆ ಹಾಕಿ ಒಂದೊಂದೇ ಪಿನ್ ಸಿಕ್ಕಿಸುತ್ತಾಳೆ. ನಾನು ಮೊಬೈಲ್ ಟಾರ್ಚ್ ಹಿಡಿದು ನಿಂತಿರುತ್ತೇನೆ. ಚಳಿಗೆ ಅವಳ ಬೆರಳು ಬಗ್ಗುತ್ತಿರಲಿಲ್ಲ. ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು. ಒಂದು ಎಳೆ ಹೊರಗೆ ಬಂದಿದ್ದರೂ ಬ್ರೀಫಿಂಗ್‌ನಲ್ಲಿ ಬರೆದುಕೊಳ್ಳುತ್ತಾರಂತೆ.

ನಮ್ಮ ಊರಿನಲ್ಲಿ ಈಗಲೂ ಅವಳನ್ನು ಗಗನಸಖಿ ಅನ್ನುತ್ತಾರೆ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಅವಳಿಗೆ ಆ ಪದ ಕಂಡರೆ ಆಗುವುದಿಲ್ಲ. "ನಾನು ಯಾರ ಸಖಿನೂ ಅಲ್ಲ ಅಣ್ಣ, ನಾನು ಡ್ಯೂಟಿಗೆ ಹೋಗೋದು" ಅನ್ನುತ್ತಾಳೆ. ವಿಮಾನದಲ್ಲಿ ಬೆಂಕಿ ಕಾಣಿಸಿಕೊಂಡರೆ ಆರಿಸುವವರು, ತೊಂಬತ್ತು ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸುವುದಕ್ಕೆ ತರಬೇತಿ ಪಡೆದವರು, ಯಾರಿಗಾದರೂ ಉಸಿರು ನಿಂತರೆ ಎದೆ ಒತ್ತುವವರು ಇವರು. ಕಾಫಿ, ಸ್ಯಾಂಡ್‌ವಿಚ್ ಕೊಡುವುದು ಆಮೇಲಿನ ಮಾತು. ಸಖಿ ಅಂದ ತಕ್ಷಣ ಇದೆಲ್ಲ ಮರೆತುಹೋಗುತ್ತದೆ, ಸಂಬಳದ ಮಾತು ಎತ್ತಿದರೆ ದುರಾಸೆ ಅನ್ನಿಸುತ್ತದೆ.

ಅವತ್ತು ಏನಾಯಿತು ಅಂದರೆ, 5:10ಕ್ಕೆ ಹೊರಡಬೇಕಾದ ವಿಮಾನಕ್ಕೆ ನಾಲ್ಕೂವರೆಗೇ ಜನ ಹತ್ತಿಸಿದರು. ಮಂಜು ಕರಗಲಿಲ್ಲ. ಬಾಗಿಲು ತೆಗೆದುಕೊಂಡೇ ನಿಂತಿತು. ಒಳಗೆ ಮಗು ಅಳುತ್ತಿದೆ, ಒಬ್ಬರಿಗೆ ಮುಂದಿನ ಫ್ಲೈಟ್ ತಪ್ಪುತ್ತದೆ, ಇನ್ನೊಬ್ಬರು ವಿಡಿಯೋ ಮಾಡಿಕೊಂಡು ಕೂಗಾಡುತ್ತಿದ್ದಾರೆ. ಇವಳು ನೀರು ಕೊಡುತ್ತಾ, ಕ್ಷಮೆ ಕೇಳುತ್ತಾ, ಆ ಕಿರಿದಾದ ದಾರಿಯಲ್ಲಿ ಎರಡು ಗಂಟೆಗೂ ಜಾಸ್ತಿ ಹೊತ್ತು ಓಡಾಡಿದಳು. ವಿಮಾನ ಜಾಗ ಬಿಟ್ಟಾಗ 6:50. ಅವಳ ಫ್ಲೈಯಿಂಗ್ ಅಲೋಯೆನ್ಸ್ ಲೆಕ್ಕ ಶುರುವಾಗಿದ್ದು ಆ 6:50ಕ್ಕೆ. ಆ ದಿನದಲ್ಲೇ ಅತಿ ಕಷ್ಟದ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಒಂದು ರೂಪಾಯಿ ಇಲ್ಲ.

ಇದು ಹೇಗೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲಿನ ಕ್ಯಾಬಿನ್ ಕ್ರೂಗೆ ತಿಂಗಳಿಗೆ ಒಂದಷ್ಟು ನಿಗದಿ ಸಂಬಳ ಇರುತ್ತದೆ. ಅದರ ಮೇಲೆ ಹಾರಿದ ಗಂಟೆಗೆ ಇಷ್ಟು ಅಂತ ಅಲೋಯೆನ್ಸ್. ಆ ಗಂಟೆಯನ್ನು ಬ್ಲಾಕ್ ಅವರ್ ಅನ್ನುತ್ತಾರೆ. ನಿಂತ ವಿಮಾನದ ಗಾಲಿಗೆ ಅಡ್ಡ ಇಡುವ ತುಂಡಿಗೆ ಚಾಕ್ ಅಂತ ಹೆಸರು. ಅದನ್ನು ತೆಗೆದು ವಿಮಾನ ಕದಲಿದಾಗ ಗಂಟೆ ಶುರು, ಇಳಿದು ಬಂದು ಮತ್ತೆ ಇಟ್ಟಾಗ ಮುಗಿಯಿತು. ಇದನ್ನು ತಂಗಿ ನಮ್ಮ ಮನೆಯಲ್ಲಿ ವಿವರಿಸುತ್ತಿದ್ದಾಗ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಅಪ್ಪ ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. "ಓ, ಗಾಲಿಗೆ ಕಲ್ಲು ಕೊಡೋದು ಅನ್ನು" ಅಂದರು. "ಕಲ್ಲು ತೆಗೆದ್ರೆ ಸಂಬಳ, ಕಲ್ಲು ಕೊಟ್ರೆ ಇಲ್ಲ. ನಮ್ಮದೂ ಅದೇ ತಾನೆ."

ಅವರದ್ದು ನಿಜವಾಗಿಯೂ ಅದೇ. ಸಿಂಗಲ್‌ಗೆ, ಅಂದರೆ ಒಂದು ಕಡೆಯ ಟ್ರಿಪ್ಪಿಗೆ, ಇಷ್ಟು ಅಂತ ಬತ್ತಾ. ಬಸ್ ಓಡಿದರೆ ಬತ್ತಾ, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಐದಕ್ಕೆ ಹೋಗಿ ಬಸ್ ಗುಡಿಸಿ ತೊಳೆಸಿ, ಟೈರ್ ನೋಡಿ, ಲಗೇಜ್ ಹತ್ತಿಸಿ, ಸ್ಟ್ಯಾಂಡಿನಲ್ಲಿ ನಿಂತು ಗಂಟಲು ಹರಿಯುವ ಹಾಗೆ ಊರಿನ ಹೆಸರು ಕೂಗಿದ್ದಕ್ಕೆ ಲೆಕ್ಕವಿಲ್ಲ. ಒಂದು ಸಲ ಚಿಂತಾಮಣಿ ರಸ್ತೆಯಲ್ಲಿ ಆಕ್ಸೆಲ್ ಮುರಿದು ಬಸ್ ನಿಂತುಹೋಯಿತಂತೆ. ಪ್ರಯಾಣಿಕರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿ, ಟಿಕೆಟ್ ದುಡ್ಡು ವಾಪಸ್ ಕೊಟ್ಟು, ರಾತ್ರಿಯೆಲ್ಲ ಬಸ್ಸಿನ ಕಾವಲು ಕಾದು ಬೆಳಿಗ್ಗೆ ಮನೆಗೆ ಬಂದರು. ಓನರ್ ಅರ್ಧ ಸಿಂಗಲ್ ಬತ್ತಾ ಕೊಟ್ಟರು, ಅರ್ಧ ದಾರಿಯಲ್ಲೇ ನಿಂತಿತು ಅಂತ. ನಾನಾಗ ಐದನೇ ಕ್ಲಾಸು. ಅಪ್ಪ ಆ ನೋಟು ಎಣಿಸದೇ ಅಮ್ಮನ ಕೈಗೆ ಕೊಟ್ಟಿದ್ದು ಈಗಲೂ ಕಣ್ಣ ಮುಂದಿದೆ.

ಅದಕ್ಕೇ 2025ರ ಆಗಸ್ಟ್‌ನಲ್ಲಿ ಕೆನಡಾದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಅದು ಪಕ್ಕದ ಬೀದಿಯ ಸುದ್ದಿ ಆಯಿತು. ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾಬಿನ್ ಕ್ರೂ ಮುಷ್ಕರ ಹೂಡಿದರು. ಕೂಲಿ ಜಾಸ್ತಿ ಮಾಡಿ ಅನ್ನುವುದು ಒಂದು ಬೇಡಿಕೆ. ಇನ್ನೊಂದು, ನೆಲದ ಮೇಲಿನ ಕೆಲಸಕ್ಕೂ ಸಂಬಳ ಕೊಡಿ ಅನ್ನುವುದು. ಜನ ಹತ್ತಿಸುವಾಗ, ಇಳಿಸುವಾಗ, ಸೇಫ್ಟಿ ಚೆಕ್ ಮಾಡುವಾಗ, ತಡವಾಗಿ ಕಾಯುವಾಗ ಮಾಡುವುದು ಕೆಲಸವೋ ಅಲ್ಲವೋ, ಅಷ್ಟೇ ಪ್ರಶ್ನೆ. ಅವರ ಹಳೆಯ ಒಪ್ಪಂದ ಹತ್ತು ವರ್ಷದ್ದು, 2015ರದ್ದು. ಅಷ್ಟರಲ್ಲಿ ಅಕ್ಕಿ ಬೇಳೆ ಬಾಡಿಗೆ ಎಲ್ಲಿಗೆ ಹೋಯಿತು ಅನ್ನುವುದು ಅಲ್ಲಾದರೂ ಇಲ್ಲಾದರೂ ಒಂದೇ ಕಥೆ. ಮುಷ್ಕರ ಬೇಕೋ ಬೇಡವೋ ಅಂತ ಯೂನಿಯನ್ ಮತ ಹಾಕಿಸಿದಾಗ 99.7 ಶೇಕಡಾ ಜನ ಬೇಕು ಅಂದಿದ್ದರು.

ಆಗಸ್ಟ್ 16ಕ್ಕೆ ಮುಷ್ಕರ ಶುರುವಾಯಿತು. ಒಂದು ದಿನವೂ ಆಗಿರಲಿಲ್ಲ, ಸರ್ಕಾರ ತನ್ನ ಕಾರ್ಮಿಕ ಕಾನೂನಿನ 107ನೇ ಸೆಕ್ಷನ್ ತೆಗೆದು, ಕೆಲಸಕ್ಕೆ ಹೋಗಿ, ಮಧ್ಯಸ್ಥಿಕೆಯಲ್ಲಿ ತೀರ್ಮಾನ ಆಗಲಿ ಅಂತ ದಾರಿ ಮಾಡಿತು. ಯೂನಿಯನ್ ಹೋಗಲ್ಲ ಅಂದಿತು. ಮುಷ್ಕರ ಕಾನೂನುಬಾಹಿರ ಅಂತ ಅಲ್ಲಿನ ಕೈಗಾರಿಕಾ ಸಂಬಂಧಗಳ ಮಂಡಳಿ ಹೇಳಿದ ಮೇಲೂ ಅವರು ಏರ್‌ಪೋರ್ಟ್ ಮುಂದಿನಿಂದ ಕದಲಲಿಲ್ಲ. ನಾಯಕರು ಜೈಲಿಗೆ ಹೋಗುವ ಸ್ಥಿತಿ ಬಂದರೆ ಹೋಗೋಣ ಅಂದರು. 19ನೇ ತಾರೀಖು ಬೆಳಗಿನ ಜಾವ ಒಪ್ಪಂದವಾಯಿತು. ಚಿಕ್ಕ ವಿಮಾನಕ್ಕೆ 60 ನಿಮಿಷ, ದೊಡ್ಡದಕ್ಕೆ 70 ನಿಮಿಷ ನೆಲದ ಸಂಬಳ, ಶುರುವಿಗೆ ಗಂಟೆಯ ದರದ ಅರ್ಧ. ಕೂಲಿಯ ಭಾಗ ಮಾತ್ರ ಸದಸ್ಯರಿಗೆ ಹಿಡಿಸಲಿಲ್ಲ. ಸೆಪ್ಟೆಂಬರಿನಲ್ಲಿ 99.1 ಶೇಕಡಾ ಜನ ಅದನ್ನು ಬೇಡ ಅಂದರು. ಮತ್ತೆ ಮುಷ್ಕರ ಮಾಡುವ ಹಾಗಿರಲಿಲ್ಲ, ಹಾಗಾಗಿ ಅದು ಮಧ್ಯಸ್ಥಿಕೆಗೆ ಹೋಯಿತು.

ಅಪ್ಪನಿಗೆ ಆ ಅರ್ಧ ದರ ಸಮಾಧಾನ ಆಗಲಿಲ್ಲ. "ಅರ್ಧ ಯಾಕೆ? ಬಾಗಿಲಲ್ಲಿ ನಿಂತಾಗ ಅರ್ಧ ಕಾಲಲ್ಲಿ ನಿಂತಿರ್ತಾರಾ?" ಅಂದರು. ನನಗೆ ಮಾತ್ರ ಆ ಅರ್ಧವೇ ದೊಡ್ಡದು ಅನ್ನಿಸಿತು. ಸೊನ್ನೆಯಿಂದ ಅರ್ಧಕ್ಕೆ ಬಂದ ಮೇಲೆ, ಅದು ಕೆಲಸವೇ ಅಲ್ಲ ಅಂತ ಇನ್ನು ಯಾರೂ ಹೇಳುವ ಹಾಗಿಲ್ಲ. ಅಮೆರಿಕದಲ್ಲಿ ಡೆಲ್ಟಾ 2022ರಲ್ಲೇ ಜನ ಹತ್ತುವ ಹೊತ್ತಿಗೆ ಅರ್ಧ ದರ ಕೊಡಲು ಶುರು ಮಾಡಿತ್ತು. ಡೆಲ್ಟಾದ ಕ್ಯಾಬಿನ್ ಕ್ರೂಗೆ ಯೂನಿಯನ್ ಇಲ್ಲ. ಕಟ್ಟುವ ಪ್ರಯತ್ನ ಆಗ ಜೋರಾಗಿ ನಡೆಯುತ್ತಿತ್ತು. ಆ ಭಯ ಇಲ್ಲದಿದ್ದರೆ ಕೊಡುತ್ತಿದ್ದರು ಅಂತ ನಾನು ನಂಬುವುದಿಲ್ಲ.

ನಮ್ಮ ದೇಶದ ಕಥೆಗೆ ಬರೋಣ. 2024ರ ಮೇ 7ರ ರಾತ್ರಿಯಿಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೂರಾರು ಕ್ಯಾಬಿನ್ ಕ್ರೂ ಒಟ್ಟಿಗೆ ಹುಷಾರಿಲ್ಲ ಅಂತ ರಜೆ ಹಾಕಿದರು. ಬೆಂಗಳೂರಿನಲ್ಲಿ ಕಚೇರಿ ಇದ್ದ ಇನ್ನೊಂದು ಕಂಪನಿಯನ್ನು, ಅಂದರೆ ಹಿಂದೆ ಏರ್‌ಏಷಿಯಾ ಇಂಡಿಯಾ ಆಗಿದ್ದದ್ದನ್ನು, ಇದರ ಜೊತೆ ಸೇರಿಸುವ ಕೆಲಸ ಆಗ ನಡೆಯುತ್ತಿತ್ತು. ನಮ್ಮನ್ನು ಸಮನಾಗಿ ನೋಡುತ್ತಿಲ್ಲ, ಸಂಬಳದ ಕೆಲವು ಭಾಗ ಕಡಿತ ಮಾಡಿದ್ದೀರಿ ಅನ್ನುವುದು ಅವರ ದೂರು. ಕಂಪನಿ 25 ಜನರನ್ನು ಕೆಲಸದಿಂದ ತೆಗೆಯಿತು. ಮೇ 9ಕ್ಕೆ ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ, ತೆಗೆದವರನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಕಂಪನಿ, ಕೆಲಸಕ್ಕೆ ಬರುತ್ತೇವೆ ಅಂತ ಯೂನಿಯನ್ ಒಪ್ಪಿಕೊಂಡವು.

ಆ ಎರಡು ಮೂರು ದಿನ ಪ್ರಯಾಣಿಕರಿಗೆ ಆದ ತೊಂದರೆ ಸಣ್ಣದಲ್ಲ. ಕೇರಳದಿಂದ ಗಲ್ಫ್‌ಗೆ ಹೊರಟ ಕೂಲಿ ಜನ, ರಜೆ ಮುಗಿದವರು, ವೀಸಾ ದಿನ ಮುಗಿಯುತ್ತಾ ಬಂದವರು ಏರ್‌ಪೋರ್ಟ್ ನೆಲದ ಮೇಲೆ ಕೂತಿದ್ದರು. ಅವರೂ ಕೆಲಸಗಾರರೇ. ಸಿಕ್ ಲೀವ್ ದಾರಿ ನನಗೂ ಇಷ್ಟವಿಲ್ಲ. ನೋಟಿಸ್ ಕೊಟ್ಟು, ಮುಖ ತೋರಿಸಿ, ಇಂಥದ್ದಕ್ಕೆ ನಿಂತಿದ್ದೇವೆ ಅಂತ ಹೇಳಿ ನಿಲ್ಲುವುದು ಮೇಲು. ಆದರೆ ಮುಖ ತೋರಿಸಿದವರಿಗೆ ಏನಾಗುತ್ತದೆ ಅಂತ ಗೊತ್ತಿದ್ದಾಗ ಜನ ಈ ದಾರಿ ಹಿಡಿಯುತ್ತಾರೆ. ಅದನ್ನು ಬರೀ ಮೋಸ ಅಂತ ಬೈದು ಮುಗಿಸುವುದು ಸುಲಭ.

ಈಗ ಆ ದಾರಿಯೂ ಕಿರಿದಾಗಿದೆ. ವಿಮಾನ ಸೇವೆಯನ್ನು ಹಳೆಯ 1947ರ ಕೈಗಾರಿಕಾ ವಿವಾದ ಕಾಯ್ದೆಯೇ ಸಾರ್ವಜನಿಕ ಉಪಯುಕ್ತ ಸೇವೆ ಅಂತ ಸೇರಿಸಿತ್ತು, ನೋಟಿಸ್ ಇಲ್ಲದೆ ಮುಷ್ಕರ ಮಾಡುವ ಹಾಗಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಎಲ್ಲಾ ಕಾರ್ಖಾನೆ ಕಂಪನಿಗಳಿಗೂ 14 ದಿನದ ನೋಟಿಸ್ ಕಡ್ಡಾಯ. ಅರ್ಧಕ್ಕರ್ಧ ಜನ ಒಂದೇ ದಿನ ಸೇರಿ ಸಿಎಲ್ ಹಾಕಿದರೆ ಅದೂ ಮುಷ್ಕರವೇ. ನೋಟಿಸ್ ಕೊಟ್ಟ ಮೇಲೆ ರಾಜಿ ಮಾತುಕತೆ ಶುರುವಾದರೆ, ಅದು ನಡೆಯುವಷ್ಟು ದಿನ ಮುಷ್ಕರ ಮಾಡುವ ಹಾಗಿಲ್ಲ. ಸಂಬಳದ ಗಂಟೆಗೆ ಬಂದಾಗ ಮಾತ್ರ ಇಷ್ಟು ಗಟ್ಟಿ ಕಾನೂನು ಯಾಕಿಲ್ಲ ಅಂತ ನನಗೆ ಸಿಟ್ಟು ಬರುತ್ತದೆ.

ಈ ವೃತ್ತಿಯ ಹೆಂಗಸರು ಏನೇನು ಗೆದ್ದುಕೊಂಡು ಬಂದಿದ್ದಾರೆ ಅಂತ ತಂಗಿಗೂ ಗೊತ್ತಿರಲಿಲ್ಲ. ಏರ್ ಇಂಡಿಯಾದಲ್ಲಿ ಒಂದು ಕಾಲಕ್ಕೆ 35 ವಯಸ್ಸಾದರೆ ನಿವೃತ್ತಿ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಮನೆಗೆ, ಮೊದಲ ಸಲ ಬಸುರಿಯಾದರೂ ಮನೆಗೆ. ನರ್ಗೇಶ್ ಮಿರ್ಜಾ ಮತ್ತು ಅವರ ಜೊತೆಗಾರ್ತಿಯರು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟು ಬಸುರಿನ ನಿಯಮವನ್ನು ಕಿತ್ತುಹಾಕಿತು. ನಾಲ್ಕು ವರ್ಷದ ಮದುವೆ ನಿಯಮವನ್ನು ಉಳಿಸಿತು. ಇದನ್ನು ಓದಿ ಹೇಳಿದಾಗ ನಮ್ಮ ಚಿಕ್ಕಮ್ಮ, "ಬಸುರಿ ಆದ್ರೆ ಕೆಲಸದಿಂದ ತೆಗೀತಿದ್ರಾ? ನಿಜವಾಗ್ಲೂನಾ?" ಅಂತ ಎರಡೆರಡು ಸಲ ಕೇಳಿದರು.

ಯೂನಿಯನ್ ಅಂದರೆ ನಮ್ಮ ಕಡೆ ಜನರಿಗೆ ಒಂದು ಹೆದರಿಕೆ ಇದೆ. ಯೂನಿಯನ್ ಬಂದರೆ ಕಂಪನಿ ಮುಚ್ಚುತ್ತದೆ, ಗಲಾಟೆ ಆಗುತ್ತದೆ ಅಂತ. ಪಕ್ಕದ ಕೋಲಾರದ ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾಯಿತಲ್ಲ, ಅಲ್ಲಿ ಇದ್ದವರಲ್ಲಿ ಬಹುಪಾಲು ಕಾಂಟ್ರ್ಯಾಕ್ಟ್ ಹುಡುಗರು. ಹೇಳಿದಷ್ಟು ಸಂಬಳ ಬರುತ್ತಿಲ್ಲ ಅನ್ನುವುದೇ ಅವರ ದೂರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು. ಕಲ್ಲು ಎತ್ತಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮೇಜಿನ ಮುಂದೆ ಕೂತು ಅವರ ಪರವಾಗಿ ಲೆಕ್ಕ ಕೇಳುವ ಒಬ್ಬರು ಇದ್ದಿದ್ದರೆ ಆ ಬೆಳಿಗ್ಗೆ ಹಾಗೆ ಆಗುತ್ತಿತ್ತಾ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಮುಷ್ಕರ ಹೇಗಿರುತ್ತದೆ ಅನ್ನುವುದನ್ನು ಅಪ್ಪ ಎದುರು ಬದಿಯಿಂದ ನೋಡಿದವರು. 2021ರ ಏಪ್ರಿಲ್ 7ರಿಂದ ಸರ್ಕಾರಿ ಬಸ್ ನೌಕರರು ಹದಿನೈದು ದಿನ ಮುಷ್ಕರ ಮಾಡಿದರಲ್ಲ, ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಅಂತ. ಮಧ್ಯದಲ್ಲಿ ಯುಗಾದಿ ಬಂತು. ಖಾಸಗಿ ಬಸ್ಸುಗಳನ್ನು ಸರ್ಕಾರಿ ಬಸ್ ಸ್ಟ್ಯಾಂಡ್ ಒಳಗೇ ಬಿಟ್ಟರು. ಅಷ್ಟು ವರ್ಷ ಹೊರಗೆ ರಸ್ತೆ ಬದಿಯಲ್ಲಿ ನಿಂತು ಕೂಗುತ್ತಿದ್ದ ಅಪ್ಪನ ಬಸ್ಸು ಮೊದಲ ಸಲ ಚಿಕ್ಕಬಳ್ಳಾಪುರದ ಸ್ಟ್ಯಾಂಡಿನ ಒಳಗೆ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತಿತು. ಕೂಗುವ ಕೆಲಸವೇ ಇಲ್ಲ, ಬಸ್ಸು ತುಂಬಿ ಬಾಗಿಲಲ್ಲಿ ನೇತಾಡುತ್ತಿದ್ದರು. ಓನರ್ ಖುಷಿಯಾಗಿ ಬತ್ತಾ ಎರಡರಷ್ಟು ಕೊಟ್ಟರು.

ಗೇಟಿನ ಎದುರು ಟೀ ಅಂಗಡಿ ಹತ್ತಿರ ಒಬ್ಬ ಸರ್ಕಾರಿ ಕಂಡಕ್ಟರ್ ನಿಂತಿದ್ದರಂತೆ. ಅಪ್ಪನ ಜೊತೆ ಎಷ್ಟೋ ವರ್ಷ ಅದೇ ಅಂಗಡಿಯಲ್ಲಿ ಟೀ ಕುಡಿದವರು. ಯೂನಿಫಾರ್ಮ್ ಇರಲಿಲ್ಲ, ಮನೆಯ ಶರ್ಟ್ ಹಾಕಿದ್ದರು. ಅಪ್ಪ ಕೆಳಗಿಳಿದು ಹೋಗಿ ಏನು ಹೇಳಬೇಕೋ ತಿಳಿಯದೆ ನಿಂತರು. ಅವರೇ, "ಹೋಗಣ್ಣ, ಜನ ಕಾಯ್ತಾ ಇದಾರೆ. ಹಬ್ಬ ಇದೆ" ಅಂದರಂತೆ. ಆ ದಿನದ ಬತ್ತಾವನ್ನು ಅಪ್ಪ ಅಮ್ಮನ ಕೈಗೆ ಕೊಡಲಿಲ್ಲ. ಕಿಟಕಿಯ ಕಟ್ಟೆ ಮೇಲೆ ಇಟ್ಟರು. ನಾಲ್ಕು ದಿನ ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ಮುಷ್ಕರದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದಿದ್ದರು. ಈ ಕಂಡಕ್ಟರ್ ಮತ್ತೆ ಡ್ಯೂಟಿಗೆ ಬಂದಾಗ ಅಪ್ಪ ಅವತ್ತೊಂದು ದಿನ ಬಸ್ ಬಿಟ್ಟು ಟೀ ಕುಡಿಯಲು ಹೋಗಿದ್ದರು.

ತಂಗಿಗೆ ಇದೆಲ್ಲ ಕೇಳಿ ಧೈರ್ಯ ಬಂತಾ ಅಂದರೆ, ಅಷ್ಟು ಬೇಗ ಬರುವುದಿಲ್ಲ. "ನಮ್ಮಲ್ಲಿ ಯೂನಿಯನ್ ಇಲ್ಲ ಅಣ್ಣ, ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲೂ ಯಾರು ಸ್ಕ್ರೀನ್‌ಶಾಟ್ ತೆಗೆದು ಮೇಲೆ ಕಳಿಸ್ತಾರೋ ಗೊತ್ತಿಲ್ಲ" ಅನ್ನುತ್ತಾಳೆ. ಅವಳ ಮೇಲೆ ತರಬೇತಿಗೆ ಮಾಡಿದ ಸಾಲ ಇದೆ. ಚಿಕ್ಕಪ್ಪನ ರೇಷ್ಮೆ ಹುಳುವಿನ ಶೆಡ್ಡಿಗೆ ಈ ವರ್ಷ ಶೀಟು ಹಾಕಿಸಿದ್ದು ಅವಳ ದುಡ್ಡಿನಲ್ಲಿ. ಎದುರು ಮಾತಾಡು ಅಂತ ಹೊರಗೆ ನಿಂತ ನಾನು ಸುಮ್ನೆ ಹೇಳಿಬಿಡುವುದು ಸರಿಯಲ್ಲ.

ಅಪ್ಪ ಮಾತ್ರ ಒಂದು ಕೆಲಸ ಮಾಡಿದರು. ಒಂದು ಪುಟ್ಟ ನೋಟ್‌ಬುಕ್ ತಂದು ಅವಳ ಕೈಗಿಟ್ಟರು. "ಓನರ್ ಹತ್ರ ಅವನ ಲೆಕ್ಕ ಇರುತ್ತೆ ಕಣಮ್ಮ. ನಿನ್ನ ಹತ್ರ ನಿನ್ನದು ಇರಬೇಕು. ದಿನಾ ಬರ್ಕೊ" ಅಂದರು. ಅವರೇ ಸ್ಕೇಲ್ ಇಟ್ಟು ಗೆರೆ ಹಾಕಿಕೊಟ್ಟರು. ಮನೆ ಬಿಟ್ಟದ್ದು, ರಿಪೋರ್ಟ್ ಆಗಿದ್ದು, ಜನ ಹತ್ತಿದ್ದು, ಕಲ್ಲು ತೆಗೆದದ್ದು, ಕಲ್ಲು ಕೊಟ್ಟದ್ದು. ಆ ಮಂಜಿನ ದಿನದ ಸಾಲಿನಲ್ಲಿ 2:15, 3:45, 4:30, 6:50 ಅಂತ ಇದೆ. ತಿಂಗಳ ಕೊನೆಗೆ ಇಬ್ಬರೂ ಕೂತು ಕೂಡಿದರು. ಅಪ್ಪ ಕ್ಯಾಲ್ಕ್ಯುಲೇಟರ್ ಮುಟ್ಟುವುದಿಲ್ಲ, ಟಿಕೆಟ್ ಕಲೆಕ್ಷನ್ ಕೂಡುವ ಹಾಗೆ ಬೆರಳಲ್ಲೇ ಕೂಡುತ್ತಾರೆ. ಹಾರಿದ್ದು 68 ಗಂಟೆ. ಕಲ್ಲು ಕೊಟ್ಟಾಗ ಡ್ಯೂಟಿಯಲ್ಲಿ ಇದ್ದದ್ದು 61 ಗಂಟೆ. ಮನೆಯಿಂದ ಓಡಾಡಿದ್ದನ್ನು ಇದರಲ್ಲಿ ಸೇರಿಸಿಲ್ಲ.

"ಇದನ್ನ ಯಾರಿಗಮ್ಮ ತೋರಿಸ್ತೀಯ?" ಅಂತ ಅಪ್ಪ ಕೇಳಿದರು.

"ಸದ್ಯಕ್ಕೆ ನಿಮಗೇ, ದೊಡ್ಡಪ್ಪ" ಅಂದಳು.

ಆದರೆ ಹೋದ ವಾರ ದೇವನಹಳ್ಳಿ ಬಂಕಿನಲ್ಲಿ ತುರುಬು ಕಟ್ಟಿಕೊಳ್ಳುತ್ತಾ, ಬಾಯಲ್ಲಿ ಪಿನ್ ಇಟ್ಟುಕೊಂಡೇ ಹೇಳಿದಳು. ಆ ಪುಟದ ಫೋಟೋವನ್ನು ಜೊತೆಯ ಒಬ್ಬಳಿಗೆ ತೋರಿಸಿದ್ದಳಂತೆ. ಅವಳು ಇನ್ನಿಬ್ಬರಿಗೆ ಹೇಳಿದ್ದಾಳೆ. ಈಗ ಮೂರು ಜನ ತಮ್ಮ ತಮ್ಮ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಬರೆಯುತ್ತಿದ್ದಾರಂತೆ, ಒಬ್ಬಳು ಮಂಗಳೂರಿನವಳು, ಇಬ್ಬರು ಮಣಿಪುರದವರು. ಆ ಇಬ್ಬರಿಗೆ ಕನ್ನಡ ಬರುವುದಿಲ್ಲ, ಆದರೂ ಆ ಕಾಲಂ ಹೆಸರು ಮಾತ್ರ ಹಾಗೇ ಉಳಿದಿದೆ. ಕಲ್ಲು ತೆಗೆದದ್ದು, ಕಲ್ಲು ಕೊಟ್ಟದ್ದು.